ಕಡಲ ತಳದ ಹುಲ್ಲುಗಾವಲು

ಮಳಖೇಡದ ಕೋಟೆಯನ್ನು ಬಳಸಿ ಹರಿಯುವ ಕಾಗಿಣಾ ನದಿಯ ದಂಡೆಗೆ ಹೋದವರು ಅಲ್ಲಿಯ ಕಲ್ಲನ್ನು ನೋಡಿಯೇ ಇರುತ್ತಾರೆ. ಹಾಳೆಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಪದರುಪದರಾಗಿ ಏಳುವ ಸುಣ್ಣಗಲ್ಲು ಅದು. ಶಹಾಬಾದ ಕಲ್ಲೆಂಬ ಹೆಸರಿನಿಂದ ಅದು ದೇಶದ ಎಷ್ಟೋ ಮನೆಗಳ ನೆಲಹಾಸಾಗಿದೆ. ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳಲ್ಲಿ ಬೆಂದು ಸಿಮೆಂಟಾಗಿದೆ. ಆದರೆ ಕಲ್ಲಾಗುವ ಮೊದಲು ಅದು ಏನಾಗಿತ್ತು? ಆಳವಿಲ್ಲದ ಒಂದು ಸಮುದ್ರದ ತಳದಲ್ಲಿ ಶೇಖರವಾದ ಕೆಸರು! ಕಡಲನ್ನು ಕಾಣಲು ನೂರಾರು ಮೈಲಿ ಪಯಣಿಸಬೇಕಾದ ಸೇಡಂ, ಚಿತ್ತಾಪುರಗಳ ಜನರು ದಿನವೂ ನಡೆದಾಡುವುದು ಕಡಲ ತಳದ ಮೇಲೆಯೇ.

ಆ ಸಮುದ್ರದ ವಯಸ್ಸಿನ ವಿಷಯದಲ್ಲಿ ಭೂವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ. ಐವತ್ತು ಕೋಟಿ ವರ್ಷಗಳಿಗಿಂತ ಹಿಂದಿನದು ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ನೆಲದ ಮೇಲೆ ಒಂದು ಗಿಡವೂ ಹುಟ್ಟದಿದ್ದ ಕಾಲವದು. ಅಂದು ಯಾರಾದರೂ ಆ ತಿಳಿನೀರಿನಲ್ಲಿ ಮುಳುಗಿ ನೋಡಿದ್ದರೆ ಬರಿಯ ಕೆಸರು, ಅದರ ಮೇಲೆ ಸೂಕ್ಷ್ಮಜೀವಿಗಳ ಲೋಳೆ, ಇಷ್ಟೇ ಕಾಣುತ್ತಿತ್ತು. ಹುಲ್ಲಿನ ಒಂದು ಎಸಳೂ ಇರಲಿಲ್ಲ. ಹೂ ಬಿಡುವ ಸಸ್ಯಗಳು ನೆಲದ ಮೇಲೆ ಹುಟ್ಟಿ, ಅವುಗಳಲ್ಲಿ ಕೆಲವು ತಿರುಗಿ ನೀರಿಗಿಳಿದು, ಉಪ್ಪುನೀರಿನಲ್ಲಿ ಸಂಸಾರ ಹೂಡಿದ್ದು ಸುಮಾರು ಹತ್ತು ಕೋಟಿ ವರ್ಷಗಳ ಈಚೆಗೆ. ಹೀಗೆ ಕಡಲಿಗೆ ಮರಳಿದ ಸಸ್ಯಗಳೇ ಕಡಲಹುಲ್ಲು.

ಕಡಲಹುಲ್ಲೆಂದರೆ ಪಾಚಿಯೆಂದು ಅನೇಕರು ತಿಳಿಯುತ್ತಾರೆ. ಪಾಚಿಗೆ ನಿಜವಾದ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಕಡಲಹುಲ್ಲಿಗೆ ಇವೆಲ್ಲವೂ ಉಂಟು. ಅದು ನೀರಿನೊಳಗೇ ಹೂ ಬಿಟ್ಟು, ಪರಾಗವನ್ನು ನೀರಿನಲ್ಲಿಯೇ ತೇಲಿಬಿಟ್ಟು ಕಾಯಿ ಕಟ್ಟುತ್ತದೆ. ಹಾಗೆಂದು ಅದು ಜೋಳ, ಗರಿಕೆಗಳ ವಂಶದ ಹುಲ್ಲೂ ಅಲ್ಲ. ಶಾಲೆಯ ವಿಜ್ಞಾನದ ತರಗತಿಯಲ್ಲಿ ಗಾಜಿನ ಪಾತ್ರೆಯಲ್ಲಿ ಒಂದು ಜಲಸಸ್ಯವನ್ನಿಟ್ಟು, ಮೇಲೆ ಲಾಳಿಕೆ ಬೋರಲು ಹಾಕಿ, ಬಿಸಿಲಿಗಿಟ್ಟಾಗ ಆಮ್ಲಜನಕದ ಗುಳ್ಳೆಗಳೇಳುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ನಮ್ಮ ಕೆರೆಕುಂಟೆಗಳ ಆ ಹೈಡ್ರಿಲಾ ಸಸ್ಯವೂ, ಈ ಲೇಖನದ ಮುಖ್ಯ ಪಾತ್ರವಾದ ಥಲಾಸಿಯಾ ಎಂಬ ಕಡಲಹುಲ್ಲೂ ಒಂದೇ ಕುಟುಂಬದ ದಾಯಾದಿಗಳು. ಜಗತ್ತಿನಲ್ಲೆಲ್ಲ ಸೇರಿ ಕಡಲಹುಲ್ಲಿನ ಜಾತಿಗಳು ಎಪ್ಪತ್ತರಷ್ಟು. ಭಾರತದ ತೀರಗಳಲ್ಲಿ ಹದಿನೈದರ ಆಸುಪಾಸು. ಜಾತಿಗಳ ಸಂಖ್ಯೆ ಇಷ್ಟು ಚಿಕ್ಕದಾದರೂ ಅವು ಹಬ್ಬುವ ಬಗೆ ಸಾಮಾನ್ಯವಲ್ಲ. ಆಸ್ಟ್ರೇಲಿಯದ ಶಾರ್ಕ್ ಬೇ ಎಂಬ ಕೊಲ್ಲಿಯಲ್ಲಿ ೧೮೦ ಕಿಲೋಮೀಟರು ಉದ್ದಕ್ಕೆ ಹರಡಿದ ಹುಲ್ಲುಗಾವಲು ವಾಸ್ತವವಾಗಿ ಒಂದೇ ಬೀಜದಿಂದ ಮೊಳೆತ ಒಂದೇ ಗಿಡವೆಂದು ೨೦೨೨ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಈ ಹುಲ್ಲು ಬೆಳೆಯಬೇಕಾದರೆ ಬಿಸಿಲು ತಳಕ್ಕೆ ಮುಟ್ಟಬೇಕು, ಅಲೆಯ ಹೊಡೆತ ಮಿತವಾಗಿರಬೇಕು. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ತೀರವೋ ಮಳೆಗಾಲದ ಅಬ್ಬರಕ್ಕೆ ಎದೆಯೊಡ್ಡಿ ನಿಂತದ್ದು. ಘಟ್ಟದಿಂದಿಳಿಯುವ ಹೊಳೆಗಳು ಅದನ್ನು ವರ್ಷವರ್ಷವೂ ಕದಡುತ್ತವೆ. ಪಶ್ಚಿಮ ಕರಾವಳಿಯ ನದೀಮುಖಗಳ ಕೆಸರಿನಲ್ಲಿ ಅಲ್ಲಲ್ಲಿ ಹಾಲೊಫಿಲಾ ಬೆಕ್ಕರಿ ಎಂಬ, ಬೆರಳಿಗಿಂತ ಎತ್ತರವಾಗದ ಕಿರುಹುಲ್ಲು ಕಾಣುವುದುಂಟು. ನಿಜವಾದ ಹುಲ್ಲುಗಾವಲನ್ನು ನೋಡಬೇಕಾದರೆ ಮಂಗಳೂರಿನ ಹಳೆಯ ಬಂದರಿನಿಂದ ಪಶ್ಚಿಮಕ್ಕೆ ಹೊರಟು ಲಕ್ಷದ್ವೀಪಗಳನ್ನು ಸೇರಬೇಕು.

ಆ ದ್ವೀಪಗಳಿಗೂ ನಮಗೂ ಏನು ಸಂಬಂಧವೆಂದು ಕೇಳುವವರಿಗೆ ಎರಡು ಮಾತು ಹೇಳಬಹುದು. ಮಾನ್ಯಖೇಟವು ರಾಷ್ಟ್ರಕೂಟರ ರಾಜಧಾನಿಯಾಗಿ, ಅಮೋಘವರ್ಷ ನೃಪತುಂಗನು ಆಳುತ್ತಿದ್ದಾಗ, ಕ್ರಿ.ಶ. ೮೫೧ರಲ್ಲಿ ಅರಬ್ಬೀ ಭಾಷೆಯ ಒಂದು ವೃತ್ತಾಂತ ಸಿದ್ಧವಾಯಿತು. ಸುಲೈಮಾನನೆಂಬ ವರ್ತಕನ ಹೆಸರು ಅದರೊಡನೆ ಸೇರಿಕೊಂಡಿದೆ. ಬಲ್ಹರಾ ಎಂದು ಅರಬ್ಬರು ಕರೆಯುತ್ತಿದ್ದ ರಾಷ್ಟ್ರಕೂಟ ದೊರೆಯನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದ ಆ ಪುಸ್ತಕವೇ ಅರಬ್ಬೀ ಸಮುದ್ರದ ದ್ವೀಪಸಮೂಹವನ್ನೂ ವರ್ಣಿಸುತ್ತದೆ: ತೆಂಗಿನ ತೋಟಗಳು, ಆಳುವ ರಾಣಿ, ನೀರಿನ ಮೇಲೆ ತೆಂಗಿನ ಗರಿಗಳನ್ನು ಹಾಸಿ ಅವಕ್ಕೆ ಅಂಟಿದ ಕವಡೆಗಳನ್ನು ಸಂಗ್ರಹಿಸುವ ಜನ. ಮಾಲ್ದೀವು, ಲಕ್ಷದ್ವೀಪಗಳೆರಡನ್ನೂ ಒಟ್ಟಾಗಿ ಹೇಳಿದ ಮಾತು ಅದು. ಇದು ಹಳೆಯ ಕಥೆಯಾಯಿತು. ಹೊಸದನ್ನು ನೋಡಿದರೆ, ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟೀಪುವಿನ ಅಧೀನವಾಗಿ, ೧೭೯೯ರ ಅನಂತರ ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಸೇರಿದವು. ದ್ವೀಪದ ನಾರಿನ ಹುರಿ ಮಂಗಳೂರಿಗೆ ಬರುತ್ತಿತ್ತು, ಮಂಗಳೂರಿನ ಅಕ್ಕಿ ದ್ವೀಪಕ್ಕೆ ಹೋಗುತ್ತಿತ್ತು. ೧೯೫೬ರ ನವೆಂಬರ್ ೧ರಂದು ಈ ದ್ವೀಪಗಳು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇಂದ್ರಾಡಳಿತಕ್ಕೆ ಹೋದವು. ಹೈದರಾಬಾದು ಸಂಸ್ಥಾನದ ಭಾಗವಾಗಿದ್ದ ಮಳಖೇಡವು ಮೈಸೂರು ರಾಜ್ಯಕ್ಕೆ ಬಂದದ್ದೂ ಅದೇ ದಿನ. ೧೯೭೩ರ ನವೆಂಬರ್ ೧ರಂದು ಮೈಸೂರು ಕರ್ನಾಟಕವಾಯಿತು, ಲಕ್ಕಾದೀವಿ ಲಕ್ಷದ್ವೀಪವಾಯಿತು. ಕಾಲದ ಇಂಥ ಚಮತ್ಕಾರಗಳನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ನಮ್ಮ ಕಥೆ ಅಲ್ಲಿಯ ನೀರಿನಲ್ಲಿದೆ.

ಹವಳದ ದಿಬ್ಬವು ಕೋಟೆಯ ಗೋಡೆಯಂತೆ ಹೊರಸಮುದ್ರವನ್ನು ತಡೆಯುವುದರಿಂದ ದ್ವೀಪದ ಪಕ್ಕದಲ್ಲಿ ಶಾಂತವಾದ, ಆಳವಿಲ್ಲದ ಒಂದು ಒಳಗಡಲು ಉಂಟಾಗುತ್ತದೆ. ಇದಕ್ಕೆ ಲಗೂನ್ ಎಂದು ಹೆಸರು. ಎದೆಮಟ್ಟದ ನೀರು, ಬಿಸಿಲು ತಳದವರೆಗೂ ಇಳಿಯುತ್ತದೆ, ಕೆಳಗೆ ಹವಳ ಪುಡಿಯಾಗಿ ಆದ ಬಿಳಿಯ ಮರಳು. ಆ ಮರಳಿನ ಮೇಲೆಯೇ ಹುಲ್ಲುಗಾವಲು. ಸಣ್ಣ ಮೀನುಗಳು ಹುಲ್ಲಿನ ಮರೆಯಲ್ಲಿ ಮರಿಗಳನ್ನು ಸಾಕುತ್ತವೆ. ಬೇರುಗಳು ಮರಳನ್ನು ಹಿಡಿದಿಡುತ್ತವೆ. ಇಡೀ ಲಕ್ಷದ್ವೀಪದ ನೆಲವೆಲ್ಲ ಸೇರಿದರೂ ೩೨ ಚದರ ಕಿಲೋಮೀಟರು; ಅಷ್ಟು ಕಿರಿದಾದ ನೆಲದಲ್ಲಿ ಬದುಕುವವರಿಗೆ ದಡದ ಮರಳೆಂದರೆ ಆಸ್ತಿಯೇ ಸರಿ. ಜನವಸತಿಯಿಲ್ಲದ ಪರಳಿ ಎಂಬ ಪುಟ್ಟ ದ್ವೀಪವೊಂದು ಪೂರ್ತಿಯಾಗಿ ಸವೆದು ನೀರಿನಡಿ ಸೇರಿತೆಂಬ ಸುದ್ದಿ ೨೦೧೭ರಲ್ಲಿ ಬಂದಾಗ ಅಲ್ಲಿಯವರಿಗೆ ಆದ ಕಳವಳವನ್ನು ಊಹಿಸಬಹುದು.

ಇನ್ನು ಹುಲ್ಲಿನ ಗಣತಿಯ ವಿಷಯ. ಇದಕ್ಕೆ ಬೇಕಾಗುವ ಸಲಕರಣೆಗಳನ್ನು ಕೇಳಿದರೆ ನಗು ಬಂದೀತು: ೫೦ ಮೀಟರಿನ ಒಂದು ಅಳತೆಪಟ್ಟಿ, ಪ್ರತಿ ಬದಿಯೂ ಅರ್ಧ ಮೀಟರಿರುವ ಒಂದು ಚೌಕಟ್ಟು, ನೀರಿನಲ್ಲಿ ನೆನೆಯದ ಹಲಗೆ, ಪೆನ್ಸಿಲು, ಮುಖಕ್ಕೆ ಕನ್ನಡಕ, ಉಸಿರಾಡಲು ಒಂದು ಕೊಳವೆ. ದಡದಿಂದ ನೇರವಾಗಿ ಒಳಗಡಲಿನ ಕಡೆಗೆ ಪಟ್ಟಿಯನ್ನೆಳೆದು, ಐದೈದು ಮೀಟರಿಗೆ ಒಮ್ಮೆ ಚೌಕಟ್ಟನ್ನು ತಳಕ್ಕೆ ಇಳಿಸಬೇಕು. ಚೌಕಟ್ಟಿನೊಳಗೆ ನೂರಕ್ಕೆ ಎಷ್ಟು ಪಾಲು ಹುಲ್ಲು, ಎಷ್ಟು ಮರಳು ಎಂದು ಅಂದಾಜು ಮಾಡಬೇಕು. ಯಾವ ಯಾವ ಜಾತಿ ಎಂದು ಗುರುತಿಸಬೇಕು. ಎಲೆಯ ಎತ್ತರವನ್ನು ಅಳೆಯಬೇಕು, ಕುಡಿಗಳನ್ನು ಎಣಿಸಬೇಕು. ಹೀಗೆ ಒಂದು ಪಟ್ಟಿಗೆ ಹನ್ನೊಂದು ಚೌಕ. ಇಪ್ಪತ್ತೈದು ಮೀಟರು ಸರಿದು ಎರಡನೆಯ ಪಟ್ಟಿ, ಮತ್ತೆ ಮೂರನೆಯದು. ಒಟ್ಟು ೩೩ ಚೌಕಗಳಾದರೆ ಒಂದು ತಾಣದ ಲೆಕ್ಕ ಮುಗಿಯಿತು. ೧೯೯೮ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಆರಂಭವಾದ ಸೀಗ್ರಾಸ್ ವಾಚ್ ಎಂಬ ಯೋಜನೆ ರೂಢಿಗೆ ತಂದ ಕ್ರಮವಿದು. ಊರಿನ ಸಾಮಾನ್ಯ ಜನರೂ ಕಲಿತು ಮಾಡಬಲ್ಲ ಕೆಲಸ. ಬೆನ್ನಿಗೆ ಬಿಸಿಲು ತಾಗುವುದನ್ನು ಸಹಿಸುವ ತಾಳ್ಮೆಯೊಂದಿದ್ದರೆ ಸಾಕು.

ಜಾತಿಗಳನ್ನು ಗುರುತಿಸುವುದರಲ್ಲಿ ಮಾತ್ರ ಕೊಂಚ ಸೂಕ್ಷ್ಮವಿದೆ. ಸಿರಿಂಗೋಡಿಯಂ ಹುಲ್ಲಿನ ಎಲೆ ಶ್ಯಾವಿಗೆಯಂತೆ ದುಂಡು. ಕಣ್ಣು ಮುಚ್ಚಿ ಬೆರಳಾಡಿಸಿದರೂ ತಿಳಿಯುತ್ತದೆ. ಹಾಲೊಫಿಲಾ ಓವಾಲಿಸ್ ಎಂಬುದಕ್ಕೆ ಅಂಡಾಕಾರದ ಪುಟ್ಟ ಜೋಡಿ ಎಲೆಗಳು. ಹಾಲೊಡ್ಯೂಲ್ ಎಂಬುದರ ಎಲೆ ಬಹು ಸಪೂರ, ತುದಿಯಲ್ಲಿ ತ್ರಿಶೂಲದಂತೆ ಮೂರು ಮೊನೆ. ಕಷ್ಟವಿರುವುದು ಥಲಾಸಿಯಾ ಮತ್ತು ಸೈಮೊಡೋಸಿಯಾ ಎಂಬ ಎರಡನ್ನು ಬೇರ್ಪಡಿಸುವುದರಲ್ಲಿ. ಎರಡಕ್ಕೂ ಲಾಡಿಯಂಥ ಚಪ್ಪಟೆ ಎಲೆ, ಎರಡರ ತುದಿಯೂ ದುಂಡಗೆ. ಥಲಾಸಿಯಾದ ಎಲೆ ಕೊಂಚ ಬಾಗಿರುತ್ತದೆ. ಬೆಳಕಿಗೆ ಹಿಡಿದರೆ ಪೆನ್ಸಿಲಿನಿಂದ ಗೀಚಿದಂತಹ ಕಂದು ಬಣ್ಣದ ಸಣ್ಣ ಗೆರೆಗಳು ತೋರುತ್ತವೆ. ಮರಳನ್ನು ಬಿಡಿಸಿ ಅದರ ಅಡಿಕಾಂಡವನ್ನು ನೋಡಿದರೆ ಅದು ದಪ್ಪ, ಮೈಮೇಲೆ ತ್ರಿಕೋನದ ಗುರುತುಗಳು. ಸೈಮೊಡೋಸಿಯಾದ ಕಾಂಡ ತೆಳುವು. ಎಲೆಯುದುರಿದ ಕಡೆ ಬಳೆ ತೊಡಿಸಿದಂತೆ ಸುತ್ತುಗೆರೆ. ದೋಣಿಯಲ್ಲಿ ಕುಳಿತು ನೋಡುವವರಿಗೆ ಈ ಎರಡೂ ಒಂದೇ ಹಸಿರು.

ಅಷ್ಟಕ್ಕೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು, ಯಾವ ಹುಲ್ಲಾದರೇನು ಎಂದರೆ, ಅಲ್ಲಿಯೇ ಇದೆ ವಿಷಯ.

ಲಕ್ಷದ್ವೀಪದವರು ಹಿಂದೆ ಹಸಿರು ಕಡಲಾಮೆಯನ್ನು ಬೇಟೆಯಾಡುತ್ತಿದ್ದರು. ಅದರ ಕೊಬ್ಬನ್ನು ಕರಗಿಸಿ ಮರದ ದೋಣಿಗಳಿಗೆ ಬಳಿಯುವ ಪದ್ಧತಿಯಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಕಡಲಾಮೆಗೆ ಕಾನೂನಿನ ರಕ್ಷಣೆ ದೊರೆಯಿತು. ಬೇಟೆ ಕ್ರಮೇಣ ನಿಂತಿತು. ದೊಡ್ಡ ಆಮೆಗಳನ್ನು ಹಿಡಿದು ತಿನ್ನಬಲ್ಲ ಹುಲಿಶಾರ್ಕಿನಂಥ ಮೀನುಗಳು ಜಗತ್ತಿನ ಸಮುದ್ರಗಳಲ್ಲೆಲ್ಲ ಅಷ್ಟರಲ್ಲಾಗಲೇ ಮನುಷ್ಯನ ಗಾಳಕ್ಕೆ ಸಿಕ್ಕಿ ವಿರಳವಾಗತೊಡಗಿದ್ದವು. ಆಮೆಗೆ ಮೇಲಿನ ಭಯವೂ ಇಲ್ಲ, ಕೆಳಗಿನ ಭಯವೂ ಇಲ್ಲ. ಮರಿಯಾಗಿದ್ದಾಗ ಸಣ್ಣಪುಟ್ಟ ಪ್ರಾಣಿಗಳನ್ನು ತಿನ್ನುವ ಹಸಿರಾಮೆ ಬೆಳೆದ ಮೇಲೆ ಬಹುಮಟ್ಟಿಗೆ ಶುದ್ಧ ಶಾಕಾಹಾರಿ. ನೂರು ಕಿಲೋಗ್ರಾಮಿಗೆ ಮೀರಿದ ದೇಹಕ್ಕೆ ಅದು ನಂಬಿರುವುದು ಈ ಹುಲ್ಲನ್ನೇ. ಈ ಶತಮಾನದ ಆರಂಭದ ವರ್ಷಗಳಲ್ಲಿ ಅಗತ್ತಿ ದ್ವೀಪದ ಒಳಗಡಲಿನಲ್ಲಿ ಆಮೆಗಳು ಮಂದೆಮಂದೆಯಾಗಿ ನೆರೆದವು.

ಅಗತ್ತಿಯ ಬೆಸ್ತರು ಗೊಣಗತೊಡಗಿದರು. ಆಮೆ ಬಲೆ ಹರಿಯುತ್ತದೆ, ಹುಲ್ಲನ್ನೆಲ್ಲ ಮೇಯುತ್ತದೆ, ಅದರಿಂದ ಒಳಗಡಲಿನ ಮೀನು ಕಡಿಮೆಯಾಗಿದೆ ಎಂಬುದು ಅವರ ಅಳಲು. ಇಂಥ ದೂರುಗಳಿಗೆ ಕಚೇರಿಗಳಲ್ಲಿ ಸಿಕ್ಕುವ ಉತ್ತರ ನಮಗೆಲ್ಲ ಗೊತ್ತಿದ್ದದ್ದೇ. ಬೆಸ್ತನು ತಾನೇ ಹೆಚ್ಚು ಮೀನು ಹಿಡಿದು ಆಮೆಯ ಮೇಲೆ ತಪ್ಪು ಹೊರಿಸುತ್ತಾನೆಂದು ಪೇಟೆಯ ವಿದ್ಯಾವಂತರು ಸುಲಭವಾಗಿ ಹೇಳಿಬಿಡುತ್ತಾರೆ. ಆಮೆಯ ಮುಖವೂ ಎಷ್ಟು ಸಾಧುವಾದದ್ದು! ಅದರ ವಿರುದ್ಧ ಸಾಕ್ಷಿ ಹೇಳಲು ಯಾರಿಗೆ ತಾನೇ ಮನಸ್ಸು ಬಂದೀತು?

ಸಾಕ್ಷಿಯನ್ನು ಹೇಳಿದ್ದು ಹುಲ್ಲು. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಜಗತಾಪ್ ಮತ್ತು ಇನಾಮದಾರ್ ಎಂಬವರು ವಿಮಾನದಿಂದ ತೆಗೆದ ಛಾಯಾಚಿತ್ರಗಳ ನೆರವಿನಿಂದ ಲಕ್ಷದ್ವೀಪದ ಹುಲ್ಲುಗಾವಲುಗಳ ನಕ್ಷೆಯನ್ನು ೧೯೯೧ರಲ್ಲಿಯೇ ಪ್ರಕಟಿಸಿದ್ದರು. ಎಲ್ಲೆಲ್ಲಿ ಹುಲ್ಲಿತ್ತೆಂಬುದಕ್ಕೆ ಅದೊಂದು ಹಳೆಯ ದಾಖಲೆ. ಆಮೇಲೆ ನಮ್ಮ ಮೈಸೂರಿನಲ್ಲಿ ೧೯೯೬ರಲ್ಲಿ ಸ್ಥಾಪಿತವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹನ್ ಆರ್ಥರ್, ಸ್ಪೇನ್ ದೇಶದ ತೆರೇಸಾ ಅಲ್ಕೊವೆರೋ, ನಚಿಕೇತ ಕೇಳ್ಕರ್ ಮೊದಲಾದವರು ನೀರಿಗಿಳಿದು, ಚೌಕಟ್ಟಿಟ್ಟು, ಕುಡಿಕುಡಿಯಾಗಿ ಲೆಕ್ಕ ಹಾಕಿದರು. ಎಲೆಯ ಕಡಿತವನ್ನು ನೋಡಿಯೇ ಯಾರು ತಿಂದರೆಂದು ಹೇಳಬಹುದಂತೆ. ಮೀನು ಕಚ್ಚಿದರೆ ಅಂಚಿನಲ್ಲಿ ಅರ್ಧಚಂದ್ರದ ಗುರುತು. ಆಮೆ ಕಚ್ಚಿದರೆ ಕತ್ತರಿಯಿಂದ ಅಡ್ಡಕ್ಕೆ ಸವರಿದ ಹಾಗೆ. ಕೆಲವು ಕಡೆ ಆಮೆ ನುಗ್ಗದಂತೆ ಪಂಜರಗಳನ್ನು ಹೂಡಿ ಒಳಗಿನ ಹುಲ್ಲನ್ನೂ ಹೊರಗಿನ ಹುಲ್ಲನ್ನೂ ಹೋಲಿಸಿದರು.

ಕಂಡುಬಂದದ್ದು ಹೀಗೆ. ಮೊದಲು ಥಲಾಸಿಯಾದ ಎತ್ತರ ಕುಗ್ಗಿತು. ಅದು ನಿಧಾನವಾಗಿ ಬೆಳೆಯುವ, ದಪ್ಪ ಕಾಂಡದಲ್ಲಿ ದಾಸ್ತಾನು ಕೂಡಿಟ್ಟು ದೀರ್ಘಕಾಲ ಬಾಳುವ ಹುಲ್ಲು. ಪದೇಪದೇ ಕತ್ತರಿಸಿದರೆ ದಾಸ್ತಾನು ಮುಗಿಯುತ್ತದೆ. ಅದು ಹಿಂದೆಗೆದ ಜಾಗಕ್ಕೆ ಬೇಗಬೇಗನೆ ಹಬ್ಬುವ ಸೈಮೊಡೋಸಿಯಾ ಬಂದಿತು. ಮೇಲಿನಿಂದ ನೋಡಿದವರಿಗೆ ಒಳಗಡಲು ಹಸಿರಾಗಿಯೇ ಕಾಣುತ್ತಿತ್ತು. ಆದರೆ ಗಿಡ್ಡ ಹುಲ್ಲಿನಲ್ಲಿ ಮೀನಿನ ಮರಿಗಳಿಗೆ ಮರೆಯಿಲ್ಲ. ಮೇವು ಹೆಚ್ಚಾದ ತಾಣಗಳಲ್ಲಿ ಮೀನು ಕಡಿಮೆಯೆಂಬುದು ಲೆಕ್ಕದಲ್ಲಿ ಸಿಕ್ಕಿತು. ಬೆಸ್ತರ ಗೊಣಗಾಟದಲ್ಲಿ ಹುರುಳಿತ್ತೆಂದು ೨೦೧೩ರಲ್ಲಿ ಆ ವಿಜ್ಞಾನಿಗಳೇ ಬರೆದರು. ಕೊನೆಗೆ ಸೈಮೊಡೋಸಿಯಾವೂ ತಡೆಯಲಾರದೆ ಹೋಯಿತು, ಉಳಿದದ್ದು ಮರಳು.

ಕಲಬುರಗಿಯ ಕಡೆ ಊರ ದನಗಳಿಗೆಂದು ಬಿಟ್ಟ ಹುಲ್ಲುಗಾವಲಿಗೆ ಗಾಯರಾಣವೆನ್ನುತ್ತಾರೆ. ಮೈಸೂರಿನವರಿಗೆ ಅದು ಗೋಮಾಳ. ಗಾಯರಾಣ ಹಾಳಾಗುವ ರೀತಿಯನ್ನು ಬಲ್ಲ ಹಳ್ಳಿಗರಿಗೆ ಇದರಲ್ಲಿ ಹೊಸತೇನೂ ಇಲ್ಲ. ದನಕ್ಕೆ ಪ್ರಿಯವಾದ ಹುಲ್ಲು ಮೊದಲು ಹೋಗುತ್ತದೆ, ಕಳಪೆ ಹುಲ್ಲು ಬರುತ್ತದೆ, ಆಮೇಲೆ ಕಾಂಗ್ರೆಸ್ ಕಸ ಬರುತ್ತದೆ. ದೂರದ ರಸ್ತೆಯಿಂದ ನೋಡುವ ಪ್ರಯಾಣಿಕನಿಗೆ ಅಷ್ಟು ಕಾಲವೂ ಅದು ಹಸಿರೇ. ದನ ಕಾಯುವ ಹುಡುಗನಿಗೆ ಮಾತ್ರ ಮೊದಲ ವರ್ಷವೇ ತಿಳಿದಿರುತ್ತದೆ. ಹುಲ್ಲಿನ ವಿಸ್ತೀರ್ಣವನ್ನು ಅಳೆದರೆ ಸಾಲದು, ಜಾತಿಯನ್ನೂ ಎಣಿಸಬೇಕೆಂಬುದು ಇದಕ್ಕಾಗಿಯೇ. ಆಕಾಶದಿಂದ ತೆಗೆದ ಚಿತ್ರವು ಕೇಡನ್ನು ಹೇಳುವ ಹೊತ್ತಿಗೆ ಕೇಡು ಆಗಿಹೋಗಿರುತ್ತದೆ. ಥಲಾಸಿಯಾದ ಜಾಗದಲ್ಲಿ ಸೈಮೊಡೋಸಿಯಾ ಹೆಚ್ಚುತ್ತಿದೆಯೆಂದು ಚೌಕಟ್ಟು ಹೇಳಿದಾಗ ಇನ್ನೂ ಕೆಲವು ವರ್ಷಗಳ ಅವಕಾಶವಿರುತ್ತದೆ.

ಅಗತ್ತಿಯಲ್ಲಿ ಮೇವು ಮುಗಿದಾಗ ಆಮೆಗಳು ಉಪವಾಸ ಬೀಳಲಿಲ್ಲ. ಅವು ಸಮುದ್ರವನ್ನು ಈಜಿ ಇತರ ದ್ವೀಪಗಳ ಒಳಗಡಲುಗಳನ್ನು ಸೇರಿದವು. ನಮ್ಮ ಹಳೆಯ ದಕ್ಷಿಣ ಕನ್ನಡದ ಕಡಮತ್ತಿಗೂ ಈ ಪಾಳಿ ಬಂದಿತು. ಒಂದು ದ್ವೀಪದ ಹುಲ್ಲು ಚೇತರಿಸಿಕೊಳ್ಳುವ ಮೊದಲೇ ಇನ್ನೊಂದರದು ಕುಸಿಯುತ್ತ, ಇಡೀ ದ್ವೀಪಸಮೂಹದಲ್ಲಿ ಹುಲ್ಲುಗಾವಲುಗಳು ಸರದಿಯ ಮೇಲೆ ನಿಷ್ಪ್ರಯೋಜಕವಾದವೆಂದು ಮಯೂರೇಶ ಗಂಗಲ್ ಮತ್ತು ಸಂಗಡಿಗರು ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಹುಲ್ಲು ಪೂರ್ತಿ ನಿರ್ನಾಮವಾಯಿತೆಂದು ಇದರ ಅರ್ಥವಲ್ಲ. ಅಲ್ಲೊಂದು ಇಲ್ಲೊಂದು ಕುಡಿ ಇರಬಹುದು. ಆದರೆ ಮೀನನ್ನು ಸಾಕುವ, ಮರಳನ್ನು ಹಿಡಿಯುವ ಕೆಲಸ ಅದರಿಂದಾಗದು. ಬರ್ಮುಡಾ ದ್ವೀಪಗಳಿಂದಲೂ ಇಂಡೊನೇಷ್ಯದ ದೆರವಾನ್ ದ್ವೀಪದಿಂದಲೂ ಇಂಥದೇ ವರದಿಗಳು ಬಂದಿವೆ.

ಹಾಗಾದರೆ ಆಮೆಯನ್ನು ಕೊಲ್ಲಲು ಅಪ್ಪಣೆ ಕೊಡಬೇಕೇ? ಈ ಮಾತನ್ನು ಆಡುವವರೂ ಇದ್ದಾರೆ. ನನಗೇನೋ ಅದು ಸರಿಯೆಂದು ತೋರುವುದಿಲ್ಲ. ಹಸಿರಾಮೆ ಲಕ್ಷದ್ವೀಪಕ್ಕೆ ಸೇರಿದ ಸ್ವತ್ತಲ್ಲ, ಅದು ಇಡೀ ಸಮುದ್ರದ ಪ್ರಾಣಿ. ಒಂದು ಒಳಗಡಲಿನಲ್ಲಿ ನೆರೆದದ್ದನ್ನು ನೋಡಿ ಎಲ್ಲೆಡೆಯೂ ಸಮೃದ್ಧಿಯಿದೆಯೆಂದು ಎಣಿಸಲಾಗದು. ಆದರೆ ಆಮೆಯನ್ನು ಮಾತ್ರ ರಕ್ಷಿಸಿ, ಅದನ್ನು ಅಂಕೆಯಲ್ಲಿಡುವ ಶಾರ್ಕನ್ನು ಹಿಡಿಯುತ್ತ ಹೋಗುವುದು ರಕ್ಷಣೆಯಲ್ಲ. ಅದರ ವೆಚ್ಚವನ್ನು ಬೆಸ್ತನೊಬ್ಬನ ಬಲೆಯಿಂದ ವಸೂಲು ಮಾಡುವುದು ನ್ಯಾಯವೂ ಅಲ್ಲ. ಶಾರ್ಕು ಹೆಚ್ಚಲು ದಶಕಗಳೇ ಬೇಕು. ಅಲ್ಲಿಯವರೆಗೆ ಅಳಿದುಳಿದ ಥಲಾಸಿಯಾದ ತುಂಡುಗಳಿಗೆ ಬೇಲಿ ಹಾಕಿ ಬೇರನ್ನಾದರೂ ಉಳಿಸುವುದು ಕೈಯಲ್ಲಾಗುವ ಕೆಲಸ. ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧ. ಅಲ್ಲಿ ಹುಲ್ಲು ವಿಪುಲ, ಅದನ್ನು ಮೇಯುವ ಕಡಲಹಸು ಅತಿ ವಿರಳ. ಅದಕ್ಕಾಗಿ ೨೦೨೨ರಲ್ಲಿ ೪೪೮ ಚದರ ಕಿಲೋಮೀಟರಿನ ಸಂರಕ್ಷಿತ ಪ್ರದೇಶವೊಂದನ್ನು ಅಲ್ಲಿಯ ಸರ್ಕಾರ ಘೋಷಿಸಿತು. ಒಂದು ಕಡೆಯ ಮದ್ದು ಇನ್ನೊಂದು ಕಡೆಗೆ ಹೊಂದದು. ಯಾವ ಕಡೆಗೆ ಯಾವುದು ಬೇಕೆಂದು ತಿಳಿಯಲು ಮತ್ತೆ ನೀರಿಗಿಳಿದು ಎಣಿಸಬೇಕು.

ಮಳೆಗಾಲದ ತಿಂಗಳುಗಳಲ್ಲಿ ಮಂಗಳೂರಿನಿಂದ ದ್ವೀಪಗಳಿಗೆ ಮಂಜಿಗಳ ಸಂಚಾರ ನಿಲ್ಲುತ್ತದೆ. ಒಳಗಡಲೂ ಕದಡಿ ತಳ ಕಾಣದಾಗುತ್ತದೆ. ಸೆಪ್ಟೆಂಬರು ಕಳೆದು ನೀರು ತಿಳಿಯಾದ ಮೇಲೆಯೇ ಅಳತೆಪಟ್ಟಿಯನ್ನು ಮತ್ತೆ ಬಿಚ್ಚಲು ಸಾಧ್ಯ. ಆಗ ಹಿಂದಿನ ವರ್ಷದ ಜಾಗದಲ್ಲಿಯೇ ಚೌಕಟ್ಟನ್ನಿಟ್ಟು, ಬಾಗಿದ ಎಲೆ ಎಷ್ಟು, ಬಳೆ ತೊಟ್ಟ ಕಾಂಡ ಎಷ್ಟು, ಬರಿಯ ಮರಳು ಎಷ್ಟು ಎಂದು ಬರೆದುಕೊಳ್ಳುತ್ತಾರೆ.